ಸುಮಾಳ ಪಕ್ಷ ನಾನಲ್ಲ

೧೫ ಜೂನ್ ೨೦೨೫, ಭಾನುವಾರ

ಬ್ಯಾಂಕಿನವರು ಕೊಟ್ಟ ಈ ಡೈರಿಯಲ್ಲಿ ಇಲ್ಲಿಯವರೆಗೆ ಹಾಲು, ಗ್ಯಾಸ್ ಬಿಟ್ಟು ಬೇರೇನೂ ಬರೆದವಳಲ್ಲ. ಇವತ್ತು ಬರೆಯುತ್ತೇನೆ. ಬಾಯಿಬಿಟ್ಟು ಹೇಳಿದರೆ ಈ ಮನೆಯಲ್ಲಿ ಇನ್ನೊಂದು ಜಗಳ ಏಳುತ್ತದೆ, ಹೊಟ್ಟೆಯಲ್ಲಿಟ್ಟುಕೊಂಡರೆ ನನಗೆ ಅಸಿಡಿಟಿ.

ಸುಮಾ ಸಹಿ ಹಾಕಲಿಲ್ಲ. ನನ್ನ ಗಂಡನ ಒಬ್ಬಳೇ ತಂಗಿ, ವಿದ್ಯಾರಣ್ಯಪುರದ ಮಹಾರಾಣಿ, ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವ ಪಂಡಿತೆ, ಸಹಿ ಹಾಕಲಿಲ್ಲ.

ನನ್ನನ್ನು ಕಳಿಸಿದ್ದು ಇವರೇ. ಇಲ್ಲಿ ಬ್ಯಾಟರಾಯನಪುರದಲ್ಲಿ ಮಾವನವರು ದ್ರಾಕ್ಷಿ ಬೆಳೆಯುತ್ತಿದ್ದ ಜಾಗ ಈಗ ಖಾಲಿ ಬಿದ್ದಿದೆ. ಅಪಾರ್ಟ್‌ಮೆಂಟ್ ಕಟ್ಟುತ್ತೇನೆಂದು ಬಿಲ್ಡರ್ ಬಂದಿದ್ದಾನೆ, ಆಷಾಢ ಹಿಡಿಯುವುದರೊಳಗೆ ಕಾಗದ ಸರಿ ಮಾಡಿಕೊಡಿ ಎಂದು ತಲೆ ತಿನ್ನುತ್ತಿದ್ದಾನೆ. “ಖಾತೆ ಬದಲಾವಣೆಗೆ ಸುಮಾದೊಂದು ಸಹಿ ಬೇಕು. ನಾನ್ ಹೋದ್ರೆ ಮಾತಿಗ್ ಮಾತು ಬೆಳೆಯುತ್ತೆ. ಹೆಂಗಸರು ಹೆಂಗಸರು ಮುಗಿಸ್ಕೊಳ್ಳಿ,” ಅಂದರು. ಸರಿ ಎಂದು ಮಲ್ಲೇಶ್ವರಕ್ಕೆ ಹೋಗಿ ರೇಷ್ಮೆ ಸೀರೆ ತಂದೆ. ಹೂವು, ಹಣ್ಣು, ತಾಂಬೂಲ ಎಲ್ಲ ತಟ್ಟೆಯಲ್ಲಿ ಜೋಡಿಸಿಕೊಂಡು ಹೋದೆ. ಅವಳಿಗೆ ಕುಂಕುಮ ಇಟ್ಟು, ಸೀರೆ ಕೊಟ್ಟು, ಆಮೇಲೆ ಕಾಗದ ಕೊಟ್ಟೆ. ನಮ್ಮ ಕಡೆ ಹೆಣ್ಣುಮಕ್ಕಳ ಹತ್ತಿರ ಸಹಿ ಕೇಳುವ ಕ್ರಮವೇ ಅದು.

ಮಹಾರಾಣಿ ಕನ್ನಡಕ ಹಾಕಿಕೊಂಡು ಸೋಫಾದ ಮೇಲೆ ಕಾಲು ಮಡಚಿ ಕೂತು ಓದಿದಳು. ಒಂದೊಂದು ಹಾಳೆ. ನಾನು ಆಳಿನ ಹಾಗೆ ಎದುರಿಗೆ ಕೂತಿದ್ದೆ.

“ಅತ್ತಿಗೆ, ಇದು ಖಾತೆಗಲ್ಲ. ಹಕ್ಕು ಬಿಡುಗಡೆ ಪತ್ರ. ನನ್ನ ಪಾಲು ಬಿಟ್ಕೊಟ್ಟಿದ್ದೀನಿ ಅಂತ ಬರ್ದಿದೆ.”

“ಯಾವ್ದಾದ್ರೇನೇ? ನಿಮ್ಮಣ್ಣ ಕೇಳ್ತಿರೋದು. ಅಷ್ಟೂ ನಂಬಿಕೆ ಇಲ್ವಾ?”

“ಅಣ್ಣನಿಗೆ ಬೇಕಿದ್ರೆ ಅಣ್ಣ ಬಂದ್ ಕೇಳ್ಲಿ. ನೀವ್ಯಾಕೆ ಬಂದ್ರಿ?”

ಮೈಯೆಲ್ಲ ಉರಿದುಹೋಯಿತು. ಖಾತೆಯೋ ಹಕ್ಕೋ, ಆ ಕಾಗದದ ತರಲೆಯೆಲ್ಲ ಗಂಡಸರಿಗೆ ಗೊತ್ತಿರುತ್ತದೆ. ತವರಿನವರು ಕೊಟ್ಟ ಕಾಗದವನ್ನು ಕೂತು ಓದುತ್ತಾರೆಯೇ? ಅದೂ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು?

ಮನೆಗೆ ಬಂದು ಹೇಳಿದರೆ ಇವರು, “ಫೆಮಿನಿಸ್ಟ್ ಆಗ್ಬಿಟ್ಟಿದ್ದಾಳೆ ಅವ್ಳು, ಮನೆ ಒಡೆಯೋಳು,” ಅಂದರು. ಅತ್ತೆ ರಾಮಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದವರು ತಲೆ ಎತ್ತಿ, “ಅಂಗಂದ್ರೇನಪ್ಪಾ? ಕಾಯಿಲೆನಾ?” ಎಂದು ಕೇಳಿದರು.

“ಹೂಂ ಕಣಮ್ಮ. ಓದಿದೋರಿಗೆ ಬರೋ ಕಾಯಿಲೆ.”

ನಾನು ಹೊಟ್ಟೆ ತುಂಬ ನಕ್ಕೆ.

೨೨ ಜೂನ್, ಭಾನುವಾರ

ವಾಟ್ಸ್ಆ್ಯಪ್ ಸ್ಟೇಟಸ್ ಹಾಕಿದ್ದಾಳೆ. ಕೂಲಿಂಗ್ ಗ್ಲಾಸ್ ಹಾಕಿಕೊಂಡ ಫೋಟೊ, ಅದರ ಕೆಳಗೆ “ಹೌದು, ನಾನು ಫೆಮಿನಿಸ್ಟ್. ನಿಮಗೇನು ಕಷ್ಟ?” ಅಂತ. ನಮಗೇ ಹಾಕಿದ್ದು, ಗೊತ್ತಾಗುವುದಿಲ್ಲವೇ?

ಈ ಫೆಮಿನಿಸ್ಟುಗಳನ್ನು ನಾನು ಕಂಡಿಲ್ಲವೇ? ಬೆಳ್ಳುಳ್ಳಿ ಬಿಡಿಸಲು ಬರುವುದಿಲ್ಲ, ಸಭೆಗೆ ಹೋಗಲು ಬರುತ್ತದೆ. ಅತ್ತೆ ಬೇಡ, ಅತ್ತೆಯ ಆಸ್ತಿ ಬೇಕು. ಗಂಡನ ಕೈಲಿ ಪಾತ್ರೆ ತೊಳೆಸಿ ಅದರ ಫೋಟೊ ತೆಗೆಯುತ್ತಾರೆ. ನಾನು ಮದುವೆಯಾಗಿ ಬಂದ ದಿನದಿಂದ ಈ ಮನೆಗೆ ಗೇಯುತ್ತಿದ್ದೇನೆ, ನನಗೆ ಯಾರ ಸ್ಟೇಟಸ್ಸೂ ಬೇಕಾಗಿಲ್ಲ.

ಅವಳ ಸ್ಟೇಟಸ್ ಕಾಣದ ಹಾಗೆ ಮಾಡಿದೆ. ಸಂಜೆ ಮತ್ತೆ ಕಾಣುವ ಹಾಗೆ ಮಾಡಿ ನೋಡಿದೆ. ಹೊಸದೇನೂ ಇರಲಿಲ್ಲ.

೬ ಜುಲೈ, ಭಾನುವಾರ

ಆಷಾಢ. ಬಿಲ್ಡರ್ ಫೋನ್ ಮಾಡುವುದು ನಿಲ್ಲಿಸಿದ್ದಾನೆ, ಇವರ ಸಿಟ್ಟು ಮಾತ್ರ ನಿಂತಿಲ್ಲ. ಸಾರಿಗೆ ಉಪ್ಪು ಕಮ್ಮಿಯಾದರೂ ಸುಮಾಳನ್ನೇ ಬೈಯುತ್ತಾರೆ.

ಮೇಲಿನ ಮನೆಯ ಬಾಡಿಗೆಯ ಹುಡುಗಿ ಶೀತಲ್ ಮೋಟಾರ್ ಕೀಲಿಗೆ ಬಂದಿದ್ದಳು. ವಿಜಯಪುರದ ಕಡೆಯವಳು, ಹೆಬ್ಬಾಳದಲ್ಲಿ ಯಾವುದೋ ಆಫೀಸು. ಮದುವೆಯಾಗಿ ಎರಡು ವರ್ಷ, ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು. ಬಾಯಿ ತುರಿಕೆ, ಕೇಳಿಬಿಟ್ಟೆ: “ನೀನೂ ಫೆಮಿನಿಸ್ಟಾ?”

“ಅಯ್ಯ, ಇಲ್ರೀ ಆಂಟಿ! ನಾ ಅಂಥಾಕಿ ಅಲ್ಲ,” ಎಂದು ಕೆನ್ನೆ ಮುಟ್ಟಿಕೊಂಡಳು. ಜಾಣೆ ಎಂದುಕೊಂಡೆ. ಮೆಟ್ಟಿಲು ಹತ್ತುತ್ತಾ ತಿರುಗಿ ನಿಂತು, “ಆದ್ರ ಪಗಾರ ಮಾತ್ರ ನನ್ನ ಅಕೌಂಟಿಗೇ ಬರಬೇಕ್ರಿ. ಅದ್ರಾಗ ನಮ್ಮ ಮನಿಯವ್ರೂ ಕೈ ಹಾಕಂಗಿಲ್ಲ,” ಅಂದಳು.

ಈಗಿನ ಹುಡುಗಿಯರೇ ಹೀಗೆ. ಬೇಡ ಎಂದು ಬಾಯಲ್ಲಿ, ಬೇಕು ಎಂದು ಬ್ಯಾಂಕಿನಲ್ಲಿ. ನನ್ನ ಹೆಸರಿನಲ್ಲೂ ಒಂದು ಅಕೌಂಟ್ ಇದೆ. ಎಟಿಎಂ ಕಾರ್ಡ್ ಇವರ ಪರ್ಸಿನಲ್ಲಿರುತ್ತದೆ, ನಾನೆಲ್ಲಿ ಕಳೆದುಹಾಕುತ್ತೇನೋ ಎಂದು.

೨೭ ಜುಲೈ, ಭಾನುವಾರ

ಶ್ರಾವಣ ಬಂತು. ಇವರಿಗೂ ಒಂದು ಉಪಾಯ ಹೊಳೆಯಿತು, ಒಳ್ಳೆಯ ಉಪಾಯವೇ.

ನನ್ನ ತವರು ಬಾಗಲಗುಂಟೆ. ಅಪ್ಪ ಅಮ್ಮ ಹೋದ ಮೇಲೆ ಹಳೆ ಮನೆ, ಹೆಸರಘಟ್ಟ ರಸ್ತೆ ಬದಿಯ ಜಾಗ ಎಲ್ಲ ತಮ್ಮ ಶಿವರಾಮನೇ ನೋಡಿಕೊಳ್ಳುತ್ತಿದ್ದಾನೆ. ಅವನೂ ಹಳೆ ಮನೆ ಕೆಡವಿ ಕಟ್ಟಿಸಲು ಖಾತೆ ಕೆಲಸಕ್ಕೆ ಓಡಾಡುತ್ತಿದ್ದಾನಂತೆ, ನನ್ನ ಸಹಿ ಬೇಕಂತೆ. “ನೀನ್ ಹೋಗಿ ಕಣ್ಮುಚ್ಕೊಂಡು ಸಹಿ ಹಾಕ್ಬಿಟ್ ಬಾ. ಆಮೇಲೆ ಸುಮಾಗೆ ಹೇಳ್ಬೋದು, ನೋಡಮ್ಮ, ನಿಮ್ಮತ್ತಿಗೆ ಹೆಂಗ್ ನಡ್ಕೊಂಡ್ಳು ಅಂತ. ಅವ್ಳ ಮಖ ಎಲ್ಲಿಟ್ಕೋತಾಳೆ ನೋಡೋಣ,” ಅಂದರು. ಶಿವರಾಮನ ಜೊತೆ ಫೋನಿನಲ್ಲಿ ಎಲ್ಲ ಮಾತಾಗಿದೆ.

ನಾನು ತಕ್ಷಣ ಒಪ್ಪಿದೆ. ನನ್ನ ತಮ್ಮ ಕೊಟ್ಟ ಕಾಗದ ಓದುವವಳು ನಾನಲ್ಲ. ಅವನನ್ನು ಎತ್ತಿ ಆಡಿಸಿದವಳು ನಾನು. ಹೆಣ್ಣು ಎಂದರೆ ಹೇಗಿರಬೇಕೆಂದು ಆ ಕಾಮರ್ಸ್ ಪಂಡಿತೆಗೆ ತೋರಿಸಿಕೊಡುತ್ತೇನೆ.

೮ ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ. ಸುಮಾ ಬರಲಿಲ್ಲ. ಒಬ್ಬಟ್ಟು ಒಬ್ಬಳೇ ತಟ್ಟಿದೆ. ಪ್ರತಿವರ್ಷ ಬೆಳಿಗ್ಗೆಯೇ ಬಂದು ಹೂರಣ ರುಬ್ಬುತ್ತಿದ್ದಳು. ಬರಲಿ ಎಂದಲ್ಲ, ಕೈಸಹಾಯಕ್ಕೆ ಒಬ್ಬರಿದ್ದರೆ ಚೆನ್ನಾಗಿತ್ತು, ಅಷ್ಟೇ.

೧೦ ಆಗಸ್ಟ್, ಭಾನುವಾರ

ಏನಾಯಿತೋ ಹಾಗೆಯೇ ಬರೆಯುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಬಾಗಲಗುಂಟೆಗೆ ಹೋದೆವು. ಊಟ ಭರ್ಜರಿ. ಶಿವರಾಮನ ಹೆಂಡತಿ ಯಾವತ್ತೂ ಇಲ್ಲದ್ದು ನನಗೆ ಎರಡೆರಡು ಸಲ ತುಪ್ಪ ಬಡಿಸಿದಳು. ರಾಹುಕಾಲ ಬರುವುದರೊಳಗೆ ಶಾಸ್ತ್ರ ಮುಗಿಸೋಣ ಎಂದು ನನ್ನನ್ನು ಮಣೆಯ ಮೇಲೆ ಕೂರಿಸಿದರು. ಮಡಿಲು ತುಂಬಿದಳು. ಸೆರಗು ಚಾಚಿ ಎರಡೂ ಕೈಯಲ್ಲಿ ಹಿಡಿದೆ. ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ಎಲೆ ಅಡಿಕೆ, ಬಾಳೆಹಣ್ಣು, ಅದರ ಮೇಲೆ ಸೀರೆ. ತವರಿನ ಮಡಿಲಕ್ಕಿ ಬಿದ್ದಾಗ ನನಗೆ ಯಾವಾಗಲೂ ಕಣ್ಣು ತುಂಬಿ ಬರುತ್ತದೆ, ಇವತ್ತೂ ಬಂತು. ಅದನ್ನು ಹಿಡಿದುಕೊಂಡೇ ಎದ್ದು ದೇವರಿಗೆ ನಮಸ್ಕಾರ ಮಾಡಿ, ನಮ್ಮ ಮನೆಯ ದೇವರ ಮುಂದೆಯೇ ಇಳಿಸಬೇಕು. ದಾರಿಯಲ್ಲಿ ಎಲ್ಲೂ ನೆಲಕ್ಕೆ ಇಡುವಂತಿಲ್ಲ.

ಹಾಗೆ ಕೂತಿರುವಾಗಲೇ ಶಿವರಾಮ ಪರೀಕ್ಷೆಯ ಪ್ಯಾಡಿಗೆ ಕಾಗದ ಸಿಕ್ಕಿಸಿಕೊಂಡು ಬಂದ.

“ಅಕ್ಕ, ಖಾತೆಗೆ ಒಂದೊಂದ್ ಸಹಿ. ನಾಳೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಫೋಟೊ, ಹೆಬ್ಬೆಟ್ಟು. ಮುಗೀತು.”

ಎಡಗೈಯಲ್ಲಿ ಸೆರಗು ಒಟ್ಟು ಮಾಡಿಕೊಂಡು ಬಲಗೈಗೆ ಪೆನ್ನು ತೆಗೆದುಕೊಂಡೆ. ಅವನೇ ಹಾಳೆ ತಿರುವುತ್ತಿದ್ದ, ಕೆಳಗಿನ ಮೂಲೆ ಮಾತ್ರ ತೋರಿಸುತ್ತಿದ್ದ. ಮೇಲಿನ ತಲೆಬರಹದ ಮೇಲೆ ಅವನ ಅಂಗೈ ಇತ್ತು. ಬೆರಳ ಸಂದಿಯಲ್ಲಿ “ಬಿಡುಗಡೆ” ಎಂದು ಕಂಡಿತು. ಆ ಪದವನ್ನು ನಾನು ಜೂನ್‌ನಲ್ಲಿ ಕೇಳಿದ್ದೆ. ಕೇಳಿರದಿದ್ದರೆ ಸಹಿ ಹಾಕಿ ಬರುತ್ತಿದ್ದೆ.

“ಕೈ ತೆಗಿಯೋ,” ಅಂದೆ.

“ರಾಹುಕಾಲ ಬಂತು ಅಕ್ಕ.”

“ಬರ್ಲಿ. ಕೊಡಿಲ್ಲಿ, ಓದ್ತೀನಿ.”

“ಏನ್ ಓದ್ತೀಯಕ್ಕ? ನನ್ ಮೇಲೆ ನಂಬಿಕೆ ಇಲ್ವಾ ನಿಂಗೆ?”

ಒಂದು ಕೈಯಲ್ಲಿ ಹಾಳೆ ತಿರುವಲು ಆಗುತ್ತಿರಲಿಲ್ಲ. ಮಡಿಲಕ್ಕಿಯನ್ನು ಸೀರೆ ಸಮೇತ ನೆಲಕ್ಕೆ ಸುರಿದುಬಿಟ್ಟೆ. ಶಿವರಾಮನ ಹೆಂಡತಿ “ಅಯ್ಯಯ್ಯೋ, ಕೆಳಗೆ ಇಳಿಸ್ಬಾರ್ದು!” ಎಂದು ಕಿರುಚಿದಳು. ಬೆಲ್ಲದಚ್ಚು ಉರುಳಿಕೊಂಡು ಸೋಫಾ ಕೆಳಗೆ ಹೋಯಿತು. ಯಾರೂ ತೆಗೆಯಲಿಲ್ಲ.

ಓದಿದೆ. ಹಳೆ ಮನೆ, ರಸ್ತೆ ಬದಿಯ ಜಾಗ ಎರಡೂ ಇದ್ದವು. ಅದರಲ್ಲಿ ನನಗೆ ಯಾವ ಹಕ್ಕೂ ಇರುವುದಿಲ್ಲವೆಂದೂ, ಬರಬೇಕಾದ್ದನ್ನೆಲ್ಲ ಮದುವೆಯ ಕಾಲದಲ್ಲೇ ಪಡೆದಿದ್ದೇನೆಂದೂ, ಇದನ್ನು ನಾನು ನನ್ನ ಸ್ವಂತ ಇಚ್ಛೆಯಿಂದ ಬರೆದುಕೊಡುತ್ತಿದ್ದೇನೆಂದೂ ಇತ್ತು. ನನ್ನ ಸ್ವಂತ ಇಚ್ಛೆ ಏನೆಂದು ನನಗೇ ಆಗ ಗೊತ್ತಾಗಿದ್ದು. ಮದುವೆಯಲ್ಲಿ ನನಗೆ ಕೊಟ್ಟಿದ್ದು ಒಂದು ಜೊತೆ ಓಲೆ, ಒಂದು ಬೀರು. ಆ ಬೀರುವಿನ ಬಾಗಿಲು ಇವತ್ತಿಗೂ ಸರಿಯಾಗಿ ಹಾಕಿಕೊಳ್ಳುವುದಿಲ್ಲ.

ಸುಳ್ಳು ಹೇಳಿದ್ದಕ್ಕೆ ಜಗಳ ತೆಗೆಯಬೇಕಿತ್ತು. ನನ್ನ ಬಾಯಿಂದ ಬಂದಿದ್ದು ಬೇರೆಯೇ ಮಾತು. “ಇಲ್ಲಿ ಮನೆ ಕಟ್ಟಿದ್ ಮೇಲೆ ಹಬ್ಬಕ್ಕೆ ಬಂದ್ರೆ ನಂಗೊಂದು ರೂಮ್ ಇರುತ್ತಾ?” ಎಂದು ಕೇಳಿದೆ.

ಶಿವರಾಮ ನಕ್ಕ. “ಫ್ಲ್ಯಾಟ್ ಅಕ್ಕಾ ಅವು. ಬಾ, ಹಾಲಲ್ ಮಲಕ್ಕೊಂಡ್ರಾಯ್ತು.”

ಇವರು ಚಕ್ಕುಲಿ ತಿನ್ನುತ್ತಾ ಕೂತಿದ್ದರು. “ಏನೇ, ನೀನೂ ಫೆಮಿನಿಸ್ಟ್ ಆಗ್ಬಿಟ್ಯಾ?” ಅಂದರು. ಎಲ್ಲರೂ ನಕ್ಕರು, ಶಿವರಾಮನ ಹೆಂಡತಿಯೂ.

ನಾನು ಮಾಡಿದ್ದೇನು? ಓದಿದೆ. ರೂಮ್ ಕೇಳಿದೆ. ಅಷ್ಟಕ್ಕೆ ಆ ಹೊಲಸು ಪದವನ್ನು ನನ್ನ ಮುಖಕ್ಕೆ ಎಸೆದರು, ನನ್ನ ತವರಿನಲ್ಲಿ, ನನ್ನ ತಮ್ಮನ ಎದುರಿಗೆ.

ಪೆನ್ನು ಅಲ್ಲೇ ಇಟ್ಟು ಚಪ್ಪಲಿ ಮೆಟ್ಟಿಕೊಂಡೆ. ಮಡಿಲಕ್ಕಿ ಅಲ್ಲೇ ಬಿದ್ದಿತ್ತು.

೧೧ ಆಗಸ್ಟ್, ಸೋಮವಾರ

ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಲಿಲ್ಲ. ಶಿವರಾಮ ಮೂರು ಸಲ ಫೋನ್ ಮಾಡಿದ. ಎತ್ತಲಿಲ್ಲ.

೧೬ ಆಗಸ್ಟ್, ಶನಿವಾರ

ಮನೆಯಲ್ಲಿ ಮಾತಿಲ್ಲ. ಇವತ್ತು ನಾನೇ ಕೇಳಿದೆ: “ನನ್ ಹೆಸರಿಗೆ ಬಂದ್ರೆ ನಿಮ್ಗೇನ್ ನಷ್ಟ? ಈ ಮನೆಗೇ ತಾನೇ ಬರೋದು?”

ಮಗುವಿಗೆ ತಿಳಿಸಿ ಹೇಳುವ ಹಾಗೆ ಹೇಳಿದರು: “ತಲೆ ಉಪಯೋಗ್ಸೆ. ನೀನು ನಿಮ್ಮಪ್ಪನ್ದು ಕೇಳಿದ್ರೆ ಸುಮಾ ನಮ್ಮಪ್ಪನ್ದು ಬಿಡ್ತಾಳಾ? ನಿಂದು ಬಾಗಲಗುಂಟೆದು, ಎಷ್ಟ್ ಮಹಾ. ಇಲ್ಲಿ ರೇಟ್ ಏನಿದೆ ಗೊತ್ತಾ?”

ಅಂದರೆ ತೂಕ ಹಾಕಿದ್ದಾರೆ. ಹೆಂಡತಿಯದು ಒಂದು ತಟ್ಟೆಯಲ್ಲಿ, ತಂಗಿಯದು ಇನ್ನೊಂದರಲ್ಲಿ. ನನ್ನದು ಹಗುರ ಎಂದು ಕಂಡಿದೆ, ಹೋದರೆ ಹೋಗಲಿ ಎಂದಿದ್ದಾರೆ. ಶಿವರಾಮನಿಗೆ “ಖಾತೆ ಅಂತ ಹೇಳು” ಎಂದು ಹೇಳಿಕೊಟ್ಟಿದ್ದೂ ಇದೇ ಮನುಷ್ಯ. ಕೇಳಿದೆ, ಇಲ್ಲ ಎನ್ನಲಿಲ್ಲ.

ನನಗೆ ಅಳು ಬರಲಿಲ್ಲ. ಅಸಹ್ಯವಾಯಿತು.

ಅತ್ತೆಗೆ ಎಲ್ಲ ಕೇಳಿಸಿದೆ. ಸಂಜೆ ನಾನು ದೀಪ ಹಚ್ಚುವಾಗ ಹಿಂದೆ ಬಂದು ನಿಂತು, “ನಾನೂವೆ ಒತ್ತಿವ್ನಿ ಕಣವ್ವ ಎಬ್ಬೆಟ್ಟು, ನಮ್ಮಣ್ಣ ಬಂದಿದ್ದಾಗ. ಯಾವ್ದುಕ್ಕೆ ಅಂತ ಇವತ್ತಿಗೂ ಗೊತ್ತಿಲ್ಲ,” ಅಂದರು. ಮಗನಿಗೆ ಹೇಳುವ ಬದಲು ನನಗೆ ಬಂದು ಹೇಳಿದರೆ ಏನು ಪ್ರಯೋಜನ ಎಂದು ಅವರ ಮೇಲೂ ಸಿಟ್ಟು ಬಂತು.

ಈಗ ಎಲ್ಲರ ಮೇಲೂ ಸಿಟ್ಟು. ಸುಮಾಳ ಮೇಲೂ ಅಷ್ಟೇ. ಅವಳು ಜೂನ್‌ನಲ್ಲಿ ತೆಪ್ಪಗೆ ಸಹಿ ಹಾಕಿದ್ದರೆ ಇದ್ಯಾವುದೂ ನನಗೆ ಗೊತ್ತೇ ಆಗುತ್ತಿರಲಿಲ್ಲ.

೨೬ ಆಗಸ್ಟ್, ಮಂಗಳವಾರ

ಗೌರಿ ಹಬ್ಬ. ಶಿವರಾಮ ಬರಲಿಲ್ಲ.

ಮದುವೆಯಾದ ಮೇಲೆ ಒಂದು ವರ್ಷವೂ ತವರಿನ ಬಾಗಿನ ತಪ್ಪಿರಲಿಲ್ಲ. ಅಪ್ಪ ಇದ್ದಾಗ ಅಪ್ಪ, ಆಮೇಲೆ ಇವನು. ಬರುವುದಿಲ್ಲ ಎಂದು ಗೊತ್ತಿದ್ದರೂ ಗೇಟಿನ ಸದ್ದಾದಾಗಲೆಲ್ಲ ಹೋಗಿ ನೋಡಿದೆ. ಪೇಪರ್ ದುಡ್ಡಿನವನು, ಆಮೇಲೆ ಗಣಪತಿ ಚಂದಾದವರು. ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ, ಅತ್ತಿದ್ದು ಅತ್ತಿದ್ದೇ.

ಸುಮಾಗೆ ಈ ಮನೆಯಿಂದ ಹೋಗಬೇಕಾದ ಬಾಗಿನ ಪ್ರತಿವರ್ಷ ಕಟ್ಟುವುದು ನಾನು. ಮೊರ ತರುವುದು, ಬೇಳೆ ಬೆಲ್ಲ ಬಳೆ ಜೋಡಿಸುವುದು ನಾನು, ಹೆಸರು ಅಣ್ಣನದು. ಈ ಸಲವೂ ಕೈ ತಾನಾಗಿ ಕಟ್ಟಿಬಿಟ್ಟಿತ್ತು. ನನ್ನ ಗಂಡ ಮನೋಹರ್ ನೋಡಿ, “ಅದು ಆ ಮನೆಗೆ ಹೋಗಂಗಿಲ್ಲ,” ಅಂದರು. ಅವರು ಸ್ನಾನಕ್ಕೆ ಹೋದಾಗ ಆಟೊ ಹಿಡಿದೆ.

ಸುಮಾ ಬಾಗಿಲು ತೆರೆದಳು. ನನ್ನನ್ನು ನೋಡಿ ಒಳಗೆ ಬನ್ನಿ ಅನ್ನಲಿಲ್ಲ.

“ಅಣ್ಣ ಕಳ್ಸಿದ್ನಾ?”

“ಇಲ್ಲ.”

“ಮತ್ತೆ ಈ ಸಲ ಯಾವ ಕಾಗದ ತಂದಿದ್ದೀರ?”

“ಕಾಗದ ಇಲ್ಲ ಕಣೆ, ಹಬ್ಬದ ದಿನ ಬಾಗಿಲಲ್ಲಿ ನಿಲ್ಲಿಸ್ತೀಯಾ?” ಅಂದೆ. ಒಳಗೆ ಬಿಟ್ಟಳು. ಸೆರಗು ಮುಚ್ಚಿ ಬಾಗಿನ ಕೊಟ್ಟೆ, ಸೆರಗು ಮುಚ್ಚಿ ತೆಗೆದುಕೊಂಡಳು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಕಾಫಿ ಕೊಟ್ಟಳು, ಸಕ್ಕರೆ ಹಾಕಿರಲಿಲ್ಲ. ಬೇಕೆಂದೇ ಹಾಕಿರಲಿಲ್ಲ ಎಂದು ನನ್ನ ಅನುಮಾನ.

ಬಾಗಲಗುಂಟೆಯ ಕಥೆ ಅವಳಿಗೆ ಆಗಲೇ ತಲುಪಿದೆ, ಅತ್ತೆ ಫೋನಿನಲ್ಲಿ ಹೇಳಿರಬೇಕು. “ನಿಮ್ ಕಾಲಿಗೆ ಚುಚ್ಚಿದ್ ಮೇಲೆ ಮುಳ್ಳು ಅಂತ ಗೊತ್ತಾಯ್ತಾ ಅತ್ತಿಗೆ? ನಂಗೆ ಸೀರೆ ತಗೊಂಡ್ ಬಂದಾಗ ನಾನು ಮನೆಮುರುಕಿ ಆಗಿದ್ದೆ,” ಅಂದಳು. ನಾನೂ ಬಿಡಲಿಲ್ಲ. ನಿನಗೆ ಸಂಬಳ ಇದೆ, ಮಾತಾಡುತ್ತೀಯ, ನಾಳೆ ನಿನ್ನಣ್ಣ ಮನೆಯಿಂದ ಹೊರಗೆ ಹಾಕಿದರೆ ನಾನು ಎಲ್ಲಿಗೆ ಹೋಗಲಿ, ನಿನ್ನ ಸ್ಟೇಟಸ್ ಒಳಗೆ ಹೋಗಿ ಮಲಗಲೇ ಎಂದು ಕೇಳಿದೆ. ಅವಳು ಎದ್ದು ಹೋಗಿ ಸಕ್ಕರೆ ಡಬ್ಬಿ ತಂದು ನನ್ನ ಮುಂದೆ ಇಟ್ಟಳು.

ಆಮೇಲೆ ಮೆಲ್ಲಗೆ, “ಆರ್.ಟಿ. ನಗರದಲ್ಲಿ ಅತೀಯಾ ಅಂತ ಲಾಯರ್ ಇದ್ದಾರೆ. ನನ್ ಪಾಲಿನ ವಿಷ್ಯನೂ ಅವ್ರೇ ನೋಡ್ತಿರೋದು. ಹೇಳ್ಲಾ?” ಎಂದು ಕೇಳಿದಳು.

“ನಂಗೆ ಲಾಯರೂ ಬೇಡ, ನಿನ್ ಪಕ್ಷನೂ ಬೇಡ. ನಾನು ಸಂಸಾರಸ್ಥೆ,” ಎಂದು ಎದ್ದು ಬಂದೆ. ಚಪ್ಪಲಿ ಹಾಕಿಕೊಂಡ ಮೇಲೆ ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದು ಕೇಳಿದೆ. ಸುಮ್ಮನೆ ಕೇಳಿದ್ದು.

೧ ಸೆಪ್ಟೆಂಬರ್, ಸೋಮವಾರ

ಹಲ್ಲಿನ ಡಾಕ್ಟರ್ ಹತ್ತಿರ ಹೋಗುತ್ತೇನೆಂದು ಮನೋಹರ್‌ಗೆ ಹೇಳಿ ಹೊರಟೆ. ಸುಮಾ ಬಸ್‌ಸ್ಟಾಪಿನಲ್ಲಿ ಕಾದಿದ್ದಳು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತೆವು. ಟಿಕೆಟ್ಟಿಗೆ ದುಡ್ಡು ತೆಗೆಯುವ ಪಾಡಿಲ್ಲ, ಹೆಂಗಸರಿಗೆ ಫ್ರೀ.

ಲಾಯರ್ ಅತೀಯಾಗೆ ನಲವತ್ತೂ ಆಗಿರಲಿಕ್ಕಿಲ್ಲ. ತಲೆಗೆ ಸ್ಕಾರ್ಫ್, ಮೇಜಿನ ಮೇಲೆ ಅರ್ಧ ತಿಂದ ಇಡ್ಲಿ. ಸುಮಾಗೆ ಹೊರಗೆ ಕೂರಲು ಹೇಳಿದರು. ಅದು ನನಗೆ ಹಿಡಿಸಿತು.

ನಾನು ಶುರು ಮಾಡಿದೆ. ನಾನು ಅಂಥವಳಲ್ಲ ಮೇಡಂ ಎಂದೆ. ನನ್ನ ತಮ್ಮ ಕೆಟ್ಟವನಲ್ಲ, ಅವನ ಹೆಂಡತಿ ಹೇಳಿಕೊಟ್ಟಿರಬೇಕು ಎಂದೆ. ಕೋರ್ಟು ಕಚೇರಿ ನಮ್ಮ ಮನೆತನದಲ್ಲಿ ಇಲ್ಲ, ಈ ಫೆಮಿನಿಸ್ಟು ಗಿಮಿನಿಸ್ಟು ನನಗೆ ಆಗಿಬರುವುದಿಲ್ಲ, ಅವಳ ಥರ ನಾನಲ್ಲ ಎಂದು ಬಾಗಿಲ ಕಡೆ ಕೈ ತೋರಿಸಿದೆ. ಅಪ್ಪನ ವಿಷಯ ಹೇಳಿದೆ, ಬೀರುವಿನ ವಿಷಯ ಹೇಳಿದೆ, ಹಾಲಲ್ಲಿ ಮಲಗು ಎಂದಿದ್ದನ್ನೂ ಹೇಳಿದೆ. ಅವರು ಪೆನ್ನಿನ ಮುಚ್ಚಳ ಕೂಡ ತೆಗೆಯಲಿಲ್ಲ.

ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, “ಆಯ್ತಮ್ಮ. ನೀವು ಏನಲ್ಲ ಅಂತ ನಂಗೆ ಗೊತ್ತಾಯ್ತು. ನಿಮ್ಗೆ ಏನ್ ಬೇಕು, ಅದನ್ನ್ ಹೇಳಿ,” ಅಂದರು.

ಎದ್ದು ಹೋಗೋಣ ಎನ್ನಿಸಿತು. ಜೂನ್‌ನಲ್ಲಿ ಸುಮಾಳ ಬಾಯಲ್ಲಿ ಕೇಳಿ ಮೈ ಉರಿದ ಆ ಮಾತೇ ಈಗ ನನ್ನ ಬಾಯಿಗೆ ಬಂತು. ನೀರು ಕುಡಿದೆ.

“ಪಾಲು,” ಅಂದೆ.

“ಹಾಂ?”

“ನನ್ ಪಾಲು ಬೇಕು. ನಮ್ಮಪ್ಪನ್ದು.”

ಜೋರಾಗಿ ಹೇಳಿಬಿಟ್ಟೆನೋ ಏನೋ, ಗಾಜಿನ ಬಾಗಿಲಾಚೆ ಸುಮಾ ಫೋನಿನಿಂದ ತಲೆ ಎತ್ತಿ ನನ್ನನ್ನೇ ನೋಡಿದಳು. ನೋಡಲಿ.